ಎಲ್ಲ ಕೆಮ್ಮೂ ಧೂಳಿನದಲ್ಲ: ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ

ರೋಗಿಗೆ 57 ವರ್ಷ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಸೀಮೆಯ ಒಂದು ಹಳ್ಳಿಯವರು. ಎರಡು ಎಕರೆ ಒಣಬೇಸಾಯ ಹೊಟ್ಟೆಗೆ ಸಾಲದೆ, ಹತ್ತಿರದ ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಸೇರಿ 18 ವರ್ಷ ದುಡಿದರು. ಕೆಲಸ ಕಲ್ಲಿದ್ದಲು ಒಡೆಯುವ ಕಡೆ. ಬೆಲ್ಟಿನ ಕೆಳಗೆ ಉದುರಿದ ಪುಡಿಯನ್ನು ಸಲಿಕೆಯಿಂದ ಎತ್ತಿ ಮತ್ತೆ ಬೆಲ್ಟಿಗೆ ಹಾಕುವುದು, ಜರಡಿಯ ಸುತ್ತ ಬಳಿಯುವುದು. ಮೂಗಿಗೆ ಕಟ್ಟಿಕೊಳ್ಳಲು ಇದ್ದದ್ದು ಹೆಗಲ ಮೇಲಿನ ಟವೆಲ್ಲು. ಬೀಡಿ ಹತ್ತಿದ್ದು ಹದಿನಾರನೇ ವಯಸ್ಸಿಗೆ, ಈಚಿನ ವರ್ಷಗಳಲ್ಲಿ ದಿನಕ್ಕೆ ಒಂದು ಕಟ್ಟು. ಕುಡಿತ ಇಲ್ಲ. ಬಿಪಿ, ಶುಗರ್ ಇಲ್ಲ.

ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾನ್ಸರ್ ಇದೆ ಎಂದು ಖಚಿತವಾಗುವ ಹೊತ್ತಿಗೆ ಅವರಿಗೆ ಹೊಸ ಬಗೆಯ ಕೆಮ್ಮು ಶುರುವಾಗಿ ಹತ್ತು ತಿಂಗಳಾಗಿತ್ತು. ಆ ಹತ್ತು ತಿಂಗಳು ಎಲ್ಲಿ ಹೋದವು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಕೆಲಸ ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕೆನ್ನುವವರ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕಿಯದು. ಈ ಕುಟುಂಬ ನನ್ನ ಬಳಿ ಬಂದದ್ದು ರೋಗ ಗೊತ್ತಾದ ಮೇಲೆ. ಅವರ ಒಪ್ಪಿಗೆಯಿಂದಲೇ ಬರೆದಿದ್ದೇನೆ. ಗುರುತು ಹತ್ತಬಹುದಾದ ವಿವರ ಬಿಟ್ಟಿದ್ದೇನೆ.

ಕೆಮ್ಮಿಗೆ ಮೊದಲೇ ಸಿದ್ಧವಿದ್ದ ಕಾರಣ

ಗಿಣಿಗೇರಾ, ಹಿರೇಬಗನಾಳ, ಹಲವರ್ತಿ ಕಡೆಯವರಿಗೆ ಧೂಳಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಪಾಂಜ್ ಐರನ್ ಮಾಡುವುದೆಂದರೆ ಕಬ್ಬಿಣದ ಅದಿರನ್ನು ಕಲ್ಲಿದ್ದಲು, ಡೋಲೊಮೈಟ್ ಜೊತೆ ತಿರುಗುವ ಉದ್ದನೆಯ ಕುಲುಮೆಗೆ ಹಾಕಿ, ಕರಗಲು ಬಿಡದೆ, ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಅದರೊಳಗಿನ ಆಮ್ಲಜನಕ ತೆಗೆಯುವುದು. ಅದಿರು ಇಳಿಸುವಾಗ, ಒಡೆಯುವಾಗ, ಜರಡಿ ಹಿಡಿಯುವಾಗ, ಬೂದಿ ಸಾಗಿಸುವಾಗ, ಎಲ್ಲ ಹಂತದಲ್ಲೂ ಧೂಳೇ. ಹೊಗೆಯಲ್ಲಿನ ಧೂಳು ಹಿಡಿಯಲು ಇಎಸ್‌ಪಿ ಎಂಬ ಯಂತ್ರ ಇರಬೇಕು. ಅದು ರಾತ್ರಿ ಹೊತ್ತು ಓಡುತ್ತದೋ ಇಲ್ಲವೋ ಎಂಬುದು ಆ ಊರುಗಳ ಕಟ್ಟೆಯ ಮೇಲೆ ದಿನವೂ ನಡೆಯುವ ಮಾತು. ಈ ರೋಗಿಯ ಹೆಂಡತಿ ನೀರಿನ ಕೊಡದ ಮುಚ್ಚಳವನ್ನು ನನ್ನೆದುರೇ ಬೆರಳಿಂದ ಒರೆಸಿ ತೋರಿಸಿದರು. ಬೆಳಿಗ್ಗೆ ತಿಕ್ಕಿ ತೊಳೆದಿಟ್ಟದ್ದು. ಮಧ್ಯಾಹ್ನ ಮೂರರ ಹೊತ್ತಿಗೆ ಬೆರಳ ತುದಿ ಕಾಡಿಗೆ ಹಚ್ಚಿದಂತಾಗಿತ್ತು.

2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯವರೇ ಬೀದಿಗಿಳಿದರು. ಜನ ಅಷ್ಟು ಸಂಖ್ಯೆಯಲ್ಲಿ ಸೇರಿದ್ದು ಧೂಳು ಎದೆಗೆ ಇಳಿಯುತ್ತಿದೆ ಎಂದು ಗೊತ್ತಿದ್ದರಿಂದಲೇ. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಧೂಳಿನ ಬಗ್ಗೆ ಇರುವ ಈ ತಿಳಿವಳಿಕೆಗೆ ಇನ್ನೊಂದು ಮಗ್ಗುಲಿದೆ. ಯಾರಾದರೂ ಕೆಮ್ಮಿದರೆ ಕಾರಣ ಕೇಳುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಈ ರೋಗಿಯ ಕೆಮ್ಮು ದೀಪಾವಳಿ ಆಸುಪಾಸಿನಲ್ಲಿ ಜೋರಾದಾಗ ಮನೆಯವರು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇದು: "ಧೂಳಿನಾಗ ದುಡಿಯೋರಿಗೆ ಕೆಮ್ಮ ಬರಲಾರದ ಇರ್ತೈತೇನು? ನಮ್ಮ ಪಾಳಿಯಾಗ ಎಲ್ಲಾರಿಗೂ ಐತಿ." ಆ ಮಾತು ನಿಜವೇ ಆಗಿತ್ತು. ಪಾಳಿಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು, ಹಾಗಾಗಿ ಒಬ್ಬರ ಕೆಮ್ಮು ಬದಲಾದದ್ದು ಯಾರ ಕಿವಿಗೂ ಬೀಳಲಿಲ್ಲ.

ಬದಲಾಗಿದ್ದಂತೂ ಹೌದು. ಮೊದಲು ಬೆಳಿಗ್ಗೆ ಎದ್ದಾಗ ಕಫದ ಕೆಮ್ಮು ಬರುತ್ತಿತ್ತು, ಒಂದು ಬೀಡಿ ಸೇದಿದರೆ "ಸಡಿಲಾಗ್ತಿತ್ತು". ಈಗ ರಾತ್ರಿಯೂ ಒಣಕೆಮ್ಮು, ಎಡ ಹೆಗಲ ಹಿಂದೆ ಹಿಡಿದ ನೋವು. ಬಹಳ ವರ್ಷದಿಂದ ಕೆಮ್ಮುತ್ತಿರುವ ಬೀಡಿ ಸೇದುವವರ ವಿಷಯದಲ್ಲಿ "ಕೆಮ್ಮು ಇದೆಯಾ?" ಎಂದು ಕೇಳಿ ಏನೂ ಉಪಯೋಗವಿಲ್ಲ. "ಹೋದ ವರ್ಷದ ಕೆಮ್ಮಿಗೂ ಈಗಿನದಕ್ಕೂ ಏನಾದರೂ ಫರಕು ಇದೆಯಾ?" ಎಂದು ಕೇಳಬೇಕು. ಹೀಗೆ ಕೇಳಿದವರು ಅವರಿಗೆ ಏಳು ತಿಂಗಳವರೆಗೆ ಯಾರೂ ಸಿಗಲಿಲ್ಲ.

ಟಿ.ಬಿ. ಮಾತ್ರೆಯ ನಾಲ್ಕು ತಿಂಗಳು

ಮೊದಲು ಊರಿನ ಆರ್‌ಎಂಪಿ (ವೈದ್ಯ ಪದವಿ ಇಲ್ಲದೆ ಔಷಧಿ ಕೊಡುವವರು) ಬಳಿ ಸಿರಪ್ಪು, ಇಂಜೆಕ್ಷನ್ನು. ಅದರಲ್ಲಿ ಸಂಕ್ರಾಂತಿ ಕಳೆಯಿತು. ಆಮೇಲೆ ಪಟ್ಟಣದ ಒಂದು ಖಾಸಗಿ ದವಾಖಾನೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಎಡಗಡೆ ಮೇಲೆ ಬಿಳಿ ನೆರಳು. ಟಿ.ಬಿ. ಎಂದು ಹೇಳಿ ಮಾತ್ರೆ ಶುರು ಮಾಡಿದರು. ಕಫ ಪರೀಕ್ಷೆಗೆ ಕಳಿಸಲಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಮ್ಮ ಕಡೆ ಕೆಮ್ಮು, ಸಣ್ಣ ಜ್ವರ, ತೂಕ ಇಳಿಕೆ, ಎದೆಯ ಮೇಲ್ಭಾಗದಲ್ಲಿ ನೆರಳು, ಇಷ್ಟೂ ಸೇರಿದರೆ ವೈದ್ಯರಿಗೆ ಮೊದಲು ನೆನಪಾಗಬೇಕಾದ್ದು ಕ್ಷಯವೇ. ಕ್ಷಯ ಅಷ್ಟು ಸಾಮಾನ್ಯ. ಶ್ವಾಸಕೋಶದ ಕ್ಯಾನ್ಸರ್ ಕೂಡ ಇದೇ ಲಕ್ಷಣಗಳನ್ನು ತೋರಿಸುತ್ತದೆ, ಎಕ್ಸ್‌ರೇಯಲ್ಲಿ ಎರಡರ ನೆರಳೂ ಒಂದೇ ಥರ ಕಾಣಬಹುದು. ಆದ್ದರಿಂದಲೇ ನೆರಳು ನೋಡಿ ಮಾತ್ರೆ ಕೊಡುವುದು ಸಾಲದು, ಕಫದಲ್ಲಿ ರೋಗಾಣು ಇದೆಯೇ ಎಂದು ನೋಡಬೇಕು. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಪುಕ್ಕಟೆ, ಕೆಲವೇ ತಾಸಿನಲ್ಲಿ ಫಲಿತಾಂಶ ಬರುತ್ತದೆ. ಕಫದಲ್ಲಿ ರೋಗಾಣು ಸಿಗದೆ, ಎರಡು ತಿಂಗಳು ಮಾತ್ರೆ ನುಂಗಿದರೂ ನೆರಳು ಕರಗದಿದ್ದರೆ ಅಲ್ಲಿಗೆ ನಿಂತು ಬೇರೆ ದಾರಿ ಯೋಚಿಸಲೇಬೇಕು, ಅದರಲ್ಲೂ ರೋಗಿ 40 ದಾಟಿದ ಬೀಡಿ ಸೇದುವವರಾಗಿದ್ದರೆ. ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹುಪಾಲು ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಪತ್ತೆಯಾಗುವುದಕ್ಕೆ ಹೀಗೆ ಟಿ.ಬಿ. ಚಿಕಿತ್ಸೆಯಲ್ಲಿ ಕಳೆದುಹೋಗುವ ತಿಂಗಳುಗಳೂ ಒಂದು ಕಾರಣ.

ಅವರಿಗೆ ಮೊದಲ ತಿಂಗಳು ಸ್ವಲ್ಪ ಹಗುರ ಎನಿಸಿತ್ತಂತೆ. ಗೆಡ್ಡೆಯ ಹಿಂದೆ ಕೂಡಿಕೊಂಡ ಸೋಂಕು ಔಷಧಿಗೆ ತಗ್ಗಿದಾಗ ಹೀಗಾಗುವುದುಂಟು, ಆ ಹಗುರವೇ ನಂಬಿಕೆ ಹುಟ್ಟಿಸುತ್ತದೆ. ಮೂರನೇ ತಿಂಗಳಿಗೆ ಕಫದಲ್ಲಿ ನೆತ್ತರಿನ ಎಳೆ ಕಂಡಿತು. "ಟಿ.ಬಿ.ಯೊಳಗ ರಕ್ತ ಬರ್ತೈತಿ" ಎಂದು ಯಾರೋ ಹೇಳಿದ್ದರಿಂದ ಅದನ್ನೂ ನುಂಗಿಕೊಂಡರು.

ಚಿಕಿತ್ಸೆ ಖಾಸಗಿಯಲ್ಲಿ ನಡೆದಿದ್ದು ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪಟ್ಟಿಗೆ ಹತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದು ವಿಚಾರಿಸುವವರೂ ಇರಲಿಲ್ಲ. ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿದ್ದು ಸೊಸೆಯ ಬಾಣಂತನಕ್ಕೆ. ಕೂಸಿನ ತೂಕ ನೋಡುತ್ತಿದ್ದಾಗ ಪಡಸಾಲೆಯಲ್ಲಿ ಮಲಗಿದ್ದವರು ಮಾತಾಡಿದರು.

"ಕಾಕಾ, ನಿಮ್ಮ ದನಿ ಯಾಕ ಹಿಂಗ ಆಗೈತ್ರಿ?"

"ಥಂಡಿಗೆ ಕುಂತೈತವ್ವ, ಹೋಗ್ತೈತಿ."

"ಎಷ್ಟ ದಿವ್ಸ ಆತ್ರಿ?"

"ಒಂದೂವರಿ ತಿಂಗಳಾಗಿರಬೇಕು."

ಒಂದೂವರೆ ತಿಂಗಳು ಯಾವ ಥಂಡಿಯೂ ದನಿಯನ್ನು ಹಿಡಿದಿಡುವುದಿಲ್ಲ ಎಂದು ಆಕೆಗೆ ಅನ್ನಿಸಿತು. ಮಾತ್ರೆಯ ಚೀಟಿ ನೋಡಿದರು, ಕಫದ ವರದಿ ಕೇಳಿದರು, ಇಲ್ಲವೆಂದಾಗ ಮರುದಿನವೇ ಡಬ್ಬಿ ತಂದುಕೊಟ್ಟರು. ಎರಡು ಸಲ ಕಳಿಸಿದ ಕಫದಲ್ಲೂ ಕ್ಷಯದ ರೋಗಾಣು ಇರಲಿಲ್ಲ. ಆಕೆ ಅಲ್ಲಿಗೆ ಸುಮ್ಮನಾಗದೆ ಮಗನನ್ನು ಕರೆದು "ಅಪ್ಪನ್ನ ಕೊಪ್ಪಳಕ್ಕ ದೊಡ್ಡ ದವಾಖಾನಿಗೆ ಕರಕೊಂಡು ಹೋಗೋಣ, ನಾನೂ ಬರ್ತೀನಿ" ಎಂದರು. ಈ ಪ್ರಕರಣದಲ್ಲಿ ರೋಗವನ್ನು ಮೊದಲು ಸಂಶಯಿಸಿದವರು ಅವರೇ. ದನಿಪೆಟ್ಟಿಗೆಯನ್ನು ಆಡಿಸುವ ನರ ಎಡಗಡೆಯಲ್ಲಿ ಎದೆಯೊಳಗೆ ಇಳಿದು, ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಬಳಸಿ ಮತ್ತೆ ಮೇಲೇರುತ್ತದೆ. ಅಲ್ಲಿನ ಗ್ರಂಥಿಗಳಿಗೆ ಕ್ಯಾನ್ಸರ್ ಹಬ್ಬಿದರೆ ನರ ಒತ್ತಿ ದನಿ ಒಡೆಯುತ್ತದೆ. ಆಕೆಗೆ ಈ ಶರೀರಶಾಸ್ತ್ರ ಗೊತ್ತಿರಲಿಲ್ಲ. ದಿನ ಲೆಕ್ಕ ಹಾಕುವುದು ಗೊತ್ತಿತ್ತು.

ಸೂಜಿಯ ಭಯ

ಜಿಲ್ಲಾ ಆಸ್ಪತ್ರೆಯ ವೈದ್ಯರು ಸ್ಟೆತಾಸ್ಕೋಪ್ ಇಡುವ ಮೊದಲು ಅವರ ಎರಡೂ ಕೈ ಹಿಡಿದು ಬೆರಳು ನೋಡಿದರು. ತುದಿಗಳು ಉಬ್ಬಿ, ಉಗುರು ಬಾಗಿ, ಉಗುರು ಮತ್ತು ಚರ್ಮ ಸೇರುವಲ್ಲಿ ಇರಬೇಕಾದ ತಗ್ಗು ಮಾಯವಾಗಿತ್ತು. ಎರಡು ಕೈಯ ತೋರುಬೆರಳುಗಳ ಉಗುರನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿದರೆ ನಡುವೆ ಒಂದು ಪುಟ್ಟ ಕಿಂಡಿ ಕಾಣಬೇಕು; ಇವರಲ್ಲಿ ಕಾಣಲಿಲ್ಲ. ಹಲವು ರೋಗಗಳಲ್ಲಿ ಹೀಗಾಗುತ್ತದೆ, ಶ್ವಾಸಕೋಶದ ಕ್ಯಾನ್ಸರ್ ಅದರಲ್ಲಿ ಮುಖ್ಯವಾದದ್ದು. ಅಂದೇ ಸಿ.ಟಿ. ಸ್ಕ್ಯಾನ್ ಆಯಿತು. ಗೆಡ್ಡೆಯೂ, ನಡು ಎದೆಯ ಗ್ರಂಥಿಗಳು ಊದಿದ್ದೂ ಕಂಡವು.

ಬಯಾಪ್ಸಿ ಎಂದಾಗ ಮನೆಯವರು ಹಿಂದೆ ಸರಿದರು. "ಸೂಜಿ ಚುಚ್ಚಿದ್ರ ಗಂಟು ಕೆರಳಿ ಮೈತುಂಬ ಹರಡ್ತೈತಿ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ನಿಂತಿದೆ. ತಡವಾಗಿ ಬಂದವರಿಗೆ ಬಯಾಪ್ಸಿ ಆದ ಕೆಲವೇ ತಿಂಗಳಲ್ಲಿ ಸಾವು ಬರುವುದನ್ನು ಜನ ನೋಡಿದ್ದಾರೆ, ಅದರಿಂದ ಹುಟ್ಟಿದ ನಂಬಿಕೆ ಇದು. ಚೂರು ತೆಗೆದು ಪರೀಕ್ಷಿಸದೆ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯುವುದಿಲ್ಲ, ಬಗೆ ತಿಳಿಯದೆ ಔಷಧಿ ಆರಿಸಲಾಗುವುದಿಲ್ಲ. ಕೆಲವು ಬಗೆಗಳಲ್ಲಿ, ಅದರಲ್ಲೂ ಬೀಡಿ ಸೇದದವರಲ್ಲಿ ಹೆಚ್ಚಾಗಿ ಕಾಣುವ ಅಡಿನೋಕಾರ್ಸಿನೋಮದಲ್ಲಿ, ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಸಿಕ್ಕರೆ ಬರೀ ಮಾತ್ರೆಯಿಂದಲೇ ವರ್ಷಗಟ್ಟಲೆ ರೋಗವನ್ನು ಹಿಡಿತದಲ್ಲಿಡಬಹುದು. ವೈದ್ಯರು ಇದನ್ನೆಲ್ಲ ಹೇಳಿ ಒಪ್ಪಿಸಲು ನಾಲ್ಕು ದಿನ ಹಿಡಿಯಿತು. ಕೊನೆಗೆ ಒಪ್ಪಿದ್ದು ಹೆಂಡತಿ: "ಇಷ್ಟ ದಿವ್ಸ ಗೊತ್ತಿಲ್ದ ಮಾತ್ರಿ ನುಂಗ್ಸೀವಿ. ಇನ್ನಮ್ಯಾಲ ಗೊತ್ತಾಗೇ ನುಂಗ್ಲಿ." ಫಲಿತಾಂಶ: ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಮೂರನೇ ಹಂತ. ಆಪರೇಷನ್ನಿನ ಹೊತ್ತು ಮೀರಿತ್ತು.

ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಬೇಕು. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದರ ಫಾರಂ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲೇ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಆರು ವಾರ, ವಾರಕ್ಕೆ ಐದು ದಿನ ರೇಡಿಯೇಷನ್, ಜೊತೆಗೆ ಕೀಮೋ ನಡೆಯಿತು.

ಬೀಡಿಯೋ, ಧೂಳೋ

ಊರಿನವರು ಧೂಳಿನಿಂದ ಬಂತು ಎನ್ನುತ್ತಾರೆ. ಗುತ್ತಿಗೆದಾರ ಬೀಡಿಯಿಂದ ಬಂತು ಎನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಅನುಕೂಲದ ಅರ್ಧವನ್ನು ಹಿಡಿದುಕೊಂಡಿದ್ದಾರೆ ಎಂದು ನನ್ನ ಅಭಿಪ್ರಾಯ.

ಬೀಡಿಯ ಪಾಲು ದೊಡ್ಡದು, ಅದರಲ್ಲಿ ಸಂಶಯ ಬೇಡ. ಶ್ವಾಸಕೋಶದ ಕ್ಯಾನ್ಸರಿಗೆ ಜಗತ್ತಿನಲ್ಲಿ ಮೊದಲ ಕಾರಣ ತಂಬಾಕಿನ ಹೊಗೆ. ಬೀಡಿ ಸಣ್ಣದು, ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬುದು ತಪ್ಪು ತಿಳಿವಳಿಕೆ. ಸುತ್ತಿದ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಆರಿಹೋಗದಿರಲೆಂದು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕಾಗುತ್ತದೆ. ಹಾಗಾಗಿ ಒಂದು ಬೀಡಿಯಿಂದ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನೂ ಇಳಿಯುವುದಿಲ್ಲ, ಹೆಚ್ಚೇ ಇಳಿಯುತ್ತದೆ. ದಿನಕ್ಕೆ 20ರಂತೆ ಒಂದು ವರ್ಷ ಸೇದಿದರೆ ವೈದ್ಯರ ಲೆಕ್ಕದಲ್ಲಿ ಒಂದು ಪ್ಯಾಕ್‌-ವರ್ಷ. ಇವರು ಸೇದಿದ್ದು 40 ವರ್ಷಕ್ಕೂ ಹೆಚ್ಚು. ಅಮೆರಿಕದಲ್ಲಿ 50 ವಯಸ್ಸಿನ ನಂತರ ಸ್ಕ್ಯಾನ್ ಮಾಡಿಸಿ ಎಂದು ಹೇಳುವುದು 20 ಪ್ಯಾಕ್‌-ವರ್ಷಕ್ಕೇ.

ಧೂಳಿನ ಪಾಲೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಿಲಿಕಾ ಧೂಳನ್ನು 1997ರಲ್ಲೇ, ಡೀಸೆಲ್ ಹೊಗೆಯನ್ನು 2012ರಲ್ಲಿ, ಹೊರಗಿನ ಕಲುಷಿತ ಗಾಳಿಯನ್ನು 2013ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೀಡಿ ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ನಮ್ಮ ದೇಶದಲ್ಲಿ ಅಂಥವರ ಪಾಲು ಸಣ್ಣದಲ್ಲ. ಇಂಥ ಧೂಳಿನಲ್ಲಿ ದುಡಿಯುವವನು ಬೀಡಿಯನ್ನೂ ಸೇದಿದರೆ ಎರಡರ ಅಪಾಯವೂ ಒಂದರ ಮೇಲೊಂದು ಏರುತ್ತದೆ. ಹೊಗೆ ಶ್ವಾಸನಾಳದೊಳಗಿನ ಸೂಕ್ಷ್ಮ ರೋಮಗಳನ್ನು ಕೆಲಸಗೆಡಿಸುತ್ತದೆ. ಧೂಳನ್ನು ಮೇಲಕ್ಕೆ ತಳ್ಳಬೇಕಾದ ರೋಮಗಳೇ ಸುಮ್ಮನಾದರೆ ಧೂಳು ಒಳಗೇ ಉಳಿಯುತ್ತದೆ. ಆದ್ದರಿಂದ ಧೂಳಿನಲ್ಲಿ ಇರುವವರಿಗೆ ಬೀಡಿ ಬಿಡುವುದು ಬೇರೆಯವರಿಗಿಂತ ಹೆಚ್ಚು ತುರ್ತಿನದು. "ಹ್ಯಾಂಗೂ ಧೂಳು ಕುಡಿಯೋದೈತಿ, ಬೀಡಿ ಬಿಟ್ಟ ಏನ್ ಮಾಡೂದು?" ಎಂಬ ಮಾತು ಲೆಕ್ಕವನ್ನು ತಿರುಗಾಮುರುಗಾ ಮಾಡುತ್ತದೆ. ಅಷ್ಟೇ ಮುಖ್ಯವಾಗಿ, ಕಾರ್ಮಿಕ ಬೀಡಿ ಸೇದುತ್ತಾನೆ ಎಂಬುದು ಧೂಳು ತಡೆಯದಿರಲು ಕಾರ್ಖಾನೆಗೆ ಸಬೂಬಾಗಬಾರದು.

ಅವರು ದುಡಿದ ಕಾಲಕ್ಕೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ, ಅಪಾಯಕಾರಿ ಪ್ರಕ್ರಿಯೆಯ ಕೆಲಸಗಾರರಿಗೆ ಕೆಲಸಕ್ಕೆ ಸೇರುವ ಮೊದಲು, ಆಮೇಲೆ 12 ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಬೇಕು, ದಾಖಲೆ ಇಡಬೇಕು ಎಂದಿತ್ತು. ಇವರ ಹೆಸರಲ್ಲಿ ಒಂದು ಹಾಳೆಯೂ ಸಿಗಲಿಲ್ಲ. 18 ವರ್ಷದಲ್ಲಿ ಗುತ್ತಿಗೆದಾರರು ನಾಲ್ಕು ಸಲ ಬದಲಾಗಿದ್ದರು, ಪ್ರತಿ ಸಲವೂ ಅವರು ಹೊಸಬರಾಗಿಯೇ ಸೇರಿದಂತೆ. ಈಗ ಪಾಳಿಯವರಿಗೆ ನಾನು ಹೇಳುವುದು: ಹಾಜರಿ ಚೀಟಿ, ಪಿಎಫ್, ಇಎಸ್‌ಐ ಸಂಖ್ಯೆ, ತಪಾಸಣೆಯ ಎಕ್ಸ್‌ರೇ, ಯಾವುದನ್ನೂ ಎಸೆಯಬೇಡಿ. ಹಳೆಯ ಎಕ್ಸ್‌ರೇ ಇದ್ದರೆ ಹೊಸ ನೆರಳು ಯಾವಾಗ ಹುಟ್ಟಿತೆಂದು ಹೇಳಬಹುದು.

ಮಗ, ಒಲೆ

ಮಗನಿಗೆ 31. ಅದೇ ಕಡೆ ಲೋಡಿಂಗ್ ಕೆಲಸ, ಅದೇ ಬೀಡಿ. ತಂದೆಯ ಜೊತೆ ಹುಬ್ಬಳ್ಳಿಯಲ್ಲಿದ್ದಾಗ ಆಸ್ಪತ್ರೆಯ ಗೇಟಿನ ಹೊರಗೆ ಹೋಗಿ ಸೇದಿ ಬರುತ್ತಿದ್ದೆ ಎಂದು ತಲೆ ತಗ್ಗಿಸಿ ಹೇಳಿದ. ಅವನಿಗೆ ಭಯ ಹುಟ್ಟಿಸುವ ಅಗತ್ಯವಿರಲಿಲ್ಲ, ಭಯ ಬೇಕಾದಷ್ಟಿತ್ತು. ಭಯವಾದರೆ ಕೈ ಮೊದಲು ಹೋಗುವುದು ಬೀಡಿ ಕಟ್ಟಿಗೇ. ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸುವ ನಮ್ಮ ಜಾಗೃತಿ ಕಾರ್ಯಕ್ರಮಗಳ ಮೇಲೆ ನನಗೆ ನಂಬಿಕೆ ಕಡಿಮೆಯಾಗಿರುವುದು ಇದಕ್ಕೇ. ಜನ ಚಿತ್ರ ನೋಡಿ ಹೊರಗೆ ಬಂದು ಒಂದು ಬೀಡಿ ಹಚ್ಚುತ್ತಾರೆ.

ನಾವು ಅವನ ದಿನವನ್ನು ಬಿಡಿಸಿ ನೋಡಿದೆವು. ಬೆಳಿಗ್ಗೆ ಬೀಡಿ ಇಲ್ಲದೆ ಹೊಟ್ಟೆ ಸಾಫಾಗುವುದಿಲ್ಲ ಎಂಬುದು ಮೊದಲನೆಯದು. ಚಹಾದ ಜೊತೆಯದು, ಊಟದ ಮೇಲಿನದು, ಪಾಳಿಯ ನಡುವೆ ಗೆಳೆಯ ಚಾಚಿದ್ದು. ಬೆಳಗಿನದಕ್ಕೆ ಎರಡು ಲೋಟ ಬಿಸಿನೀರು, ರಾತ್ರಿ ಊಟದಲ್ಲಿ ಹೆಚ್ಚು ಸೊಪ್ಪು. ನಾಲ್ಕೈದು ದಿನ ಒದ್ದಾಡಿದ, ಆಮೇಲೆ ಹೊಟ್ಟೆ ತಾನಾಗಿ ದಾರಿಗೆ ಬಂತು. ಸೇದಬೇಕೆಂಬ ಸೆಳೆತ ಎಷ್ಟು ಜೋರಾಗಿ ಬಂದರೂ ಕೆಲವು ನಿಮಿಷಕ್ಕೆ ಇಳಿಯುತ್ತದೆ, ಆ ನಿಮಿಷಗಳಿಗೆ ನಿಕೋಟಿನ್ ಗಮ್ ಕೊಟ್ಟೆವು. ಅದನ್ನು ಚೂಯಿಂಗ್ ಗಮ್ಮಿನಂತೆ ಜಗಿಯಬಾರದು. ನಿಧಾನವಾಗಿ ಕೆಲವು ಸಲ ಕಚ್ಚಿ, ಖಾರ ಹತ್ತಿದ ಕೂಡಲೇ ಕೆನ್ನೆಯ ಸಂದಿಗೆ ಇಟ್ಟುಕೊಳ್ಳಬೇಕು. ಗುಟ್ಕಾಕ್ಕೆ ಮಾತ್ರ ಹೋಗಬೇಡ ಎಂದು ಹೇಳಿದೆ. ಬೀಡಿ ಬಿಟ್ಟೆ ಎಂದು ಹೆಮ್ಮೆಯಿಂದ ಹೇಳುವ ಎಷ್ಟೋ ಜನರ ಕಿಸೆಯಲ್ಲಿ ಪಾನ್ ಮಸಾಲೆ ಮತ್ತು ತಂಬಾಕಿನ ಜೋಡಿ ಚೀಟು ಇರುತ್ತದೆ, ಶ್ವಾಸಕೋಶದಿಂದ ಬಾಯಿಗೆ ಅಪಾಯ ಸಾಗಿಸಿದಂತೆ. ಒಮ್ಮೆ ಮದುವೆ ಮನೆಯಲ್ಲಿ ಸೇದಿದ, ಮರುದಿನ ಫೋನ್ ಮಾಡಿದ, ಮತ್ತೆ ಶುರು ಮಾಡಿದೆವು. ಹೀಗೆ ಮರಳುವುದು ಬಿಡುವ ದಾರಿಯಲ್ಲೇ ಇರುವ ಸಂಗತಿ. ಆಸ್ಪತ್ರೆಗೆ ಬರಲಾಗದವರಿಗೆ 1800-11-2356 ಎಂಬ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ, ಕರೆ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಅವನಿಗೆ ಹಿಡಿಸಿದ್ದು ಒಂದು ಲೆಕ್ಕ. ಬ್ರಿಟಿಷ್ ವೈದ್ಯರನ್ನೇ 50 ವರ್ಷ ಬೆನ್ನುಹತ್ತಿ ನೋಡಿದ ರಿಚರ್ಡ್ ಡಾಲ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಪ್ರಕಾರ, ಸೇದುವುದನ್ನು 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ ಆಯಸ್ಸು ಮರಳುತ್ತದೆ, 50ರಲ್ಲಿ ಬಿಟ್ಟರೆ 6, 40ರಲ್ಲಿ 9, 30ರಲ್ಲಿ 10. "ನಂದು ಹತ್ತೂ ಸಿಗ್ತಾವಲ್ರಿ ಅಕ್ಕಾರ ಹಂಗಾರ" ಎಂದ.

ಆ ಮನೆಯಲ್ಲಿ ಬೀಡಿ ಮುಟ್ಟದ ಹೆಂಗಸರ ಎದೆಗೂ ಹೊಗೆ ಹೋಗುತ್ತಿತ್ತು. ಸಿಲಿಂಡರ್ ಇದೆ, ಚಹಾಕ್ಕೆ, ಬಂದವರಿಗೆ ಉಪ್ಪಿಟ್ಟಿಗೆ. ಜೋಳದ ರೊಟ್ಟಿ ಮಾತ್ರ ಹತ್ತಿಕಟ್ಟಿಗೆಯ ಒಲೆಯ ಮೇಲೆಯೇ. ಗ್ಯಾಸಿನ ಮೇಲೆ ರೊಟ್ಟಿ ಸರಿಯಾಗುವುದಿಲ್ಲ ಎನ್ನುವ ಅತ್ತೆಯೊಡನೆ ವಾದಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಒಲೆ ಹಿತ್ತಲ ತಗಡಿನ ಕೆಳಗೆ ಹೋಯಿತು, ಬಾಣಂತಿ ಮತ್ತು ಕೂಸು ಇರುವ ಕೋಣೆಯಿಂದ ದೂರ.

ಗೇಟಿನ ಬಳಿಯ ಮಾತು

ಈ ಪ್ರಕರಣದ ನಂತರ ಆ ಆಶಾ ಕಾರ್ಯಕರ್ತೆ ಮತ್ತು ನಾವು ಕೆಲವರು ಪಾಳಿ ಬದಲಾಗುವ ಹೊತ್ತಿಗೆ ಚಹಾದಂಗಡಿಯ ಬಳಿ ನಿಲ್ಲುವುದನ್ನು ಶುರು ಮಾಡಿದ್ದೇವೆ. ಭಾಷಣ ಇಲ್ಲ. ನಿಮ್ಮ ಕೆಮ್ಮು ಬದಲಾಗಿದೆಯಾ, ಕಫದಲ್ಲಿ ಕೆಂಪು ಕಂಡಿದೆಯಾ, ದನಿ ಮೂರು ವಾರದಿಂದ ಒಡೆದಿದೆಯಾ, ಲುಂಗಿಯ ಗಂಟು ಸಡಿಲಾಗುವಷ್ಟು ಸೊರಗಿದ್ದೀರಾ ಎಂದು ಕೇಳುತ್ತೇವೆ. ಹೌದೆಂದವರಿಗೆ ಮೊದಲು ಕಫ ಪರೀಕ್ಷೆ. ಕ್ಷಯ ಸಿಕ್ಕರೆ ಒಳ್ಳೆಯದೇ, ವಾಸಿಯಾಗುವ ರೋಗ. ಸಿಗದಿದ್ದರೆ ಸಿ.ಟಿ.ಗೆ ಕಳಿಸುತ್ತೇವೆ.

ಎಲ್ಲರಿಗೂ ಒಂದು ಎಕ್ಸ್‌ರೇ ಕ್ಯಾಂಪ್ ಮಾಡಿಬಿಡಿ ಎಂದು ಹಲವರು ಕೇಳುತ್ತಾರೆ. ಲಕ್ಷಣವಿಲ್ಲದವರಲ್ಲಿ ಸಣ್ಣ ಗೆಡ್ಡೆ ಹಿಡಿಯಲು ಎಕ್ಸ್‌ರೇ ಸಾಲದು, "ಎಕ್ಸ್‌ರೇ ಕ್ಲಿಯರ್" ಎಂಬ ಮಾತು ಬೀಡಿಗೆ ಪರವಾನಗಿಯಾಗುವ ಅಪಾಯವೂ ಇದೆ. ಹೆಚ್ಚು ಸೇದಿದವರಲ್ಲಿ ಕಡಿಮೆ ವಿಕಿರಣದ ಸಿ.ಟಿ. ಸಾವನ್ನು ತಗ್ಗಿಸುತ್ತದೆ ಎಂಬುದು ನಿಜ. 2011ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಈ ಕ್ಯಾನ್ಸರಿನ ಸಾವು 20% ಕಡಿಮೆಯಾಯಿತು. ನಮ್ಮಲ್ಲಿ ಹಳೆಯ ಕ್ಷಯದ ಕಲೆಗಳು ಇರುವವರು ಬಹಳ, ಅವೂ ಸ್ಕ್ಯಾನಿನಲ್ಲಿ ಗಂಟುಗಳಂತೆ ಕಂಡು ಗಾಬರಿ ಹುಟ್ಟಿಸುತ್ತವೆ. ಹಾಗಾಗಿ ಇದನ್ನು ಎಲ್ಲರಿಗೂ ಮಾಡದೆ, 50 ದಾಟಿದ, ಬಹಳ ವರ್ಷ ಸೇದಿದ, ಧೂಳಿನಲ್ಲಿ ದುಡಿದವರಿಗೆ ವೈದ್ಯರ ಜೊತೆ ಮಾತಾಡಿ ಮಾಡಿಸುವುದು ಸರಿ.

ರೋಗಿಗೆ ಸಂಬಂಧದಲ್ಲಿ ಅಳಿಯನಾಗುವ 52 ವರ್ಷದ ಒಬ್ಬರು ಹಾಗೆ ಮಾಡಿಸಿಕೊಂಡರು. ಬಲಗಡೆ 6 ಮಿಲಿಮೀಟರಿನ ಒಂದು ಗಂಟು ಇದೆ. ಇಂಥವು ಬಹುಪಾಲು ನಿರಪಾಯಕಾರಿ, ಆದರೂ ಆರು ತಿಂಗಳಿಗೆ ಮತ್ತೆ ನೋಡಬೇಕು. ಯುಗಾದಿ ಆದ ಮೇಲೆ ಸ್ಕ್ಯಾನ್ ಇದೆ. ದಿನಾಂಕವನ್ನು ಆಶಾ ಕಾರ್ಯಕರ್ತೆ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ರೋಗಿಯ ಗೆಡ್ಡೆ ಚಿಕಿತ್ಸೆಗೆ ಕುಗ್ಗಿದೆ. ದನಿ ಪೂರ್ತಿ ಮರಳಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ, ಬೀಡಿ ಬಿಟ್ಟಿದ್ದಾರೆ, ಕೆಲಸಕ್ಕೆ ಹೋಗುತ್ತಿಲ್ಲ. ಎರಡು ಎಕರೆಯನ್ನು ಈ ಸಲ ಲಾವಣಿಗೆ ಕೊಟ್ಟಿದ್ದಾರೆ.